ಫಸಲು ಚೆನ್ನಾಗಿದ್ದರೂ ಧಾನ್ಯದ ಜಾಗತಿಕ ಬೆಲೆ ಏರುವುದೇಕೆ, ಹಡಗುಗಳು ನಿಂತರೂ ಇಳಿಯುವುದೇಕೆ?

ಕುತೂಹಲಿ

ಪೂರೈಕೆ ಕುಗ್ಗಿದರೆ ಬೆಲೆ ಏರುತ್ತದೆ, ಬೇಡಿಕೆ ಕುಗ್ಗಿದರೆ ಬೆಲೆ ಇಳಿಯುತ್ತದೆ ಎಂಬುದು ನಾವೆಲ್ಲರೂ ಶಾಲೆಯಲ್ಲಿ ಕಲಿತ ಪಾಠ. ಜಾಗತಿಕ ಧಾನ್ಯ ಮಾರುಕಟ್ಟೆಯ ಎರಡು ಘಟನೆಗಳನ್ನು ಆ ಪಾಠಕ್ಕೆ ಹೊಂದಿಸಲು ಹಲವು ದಿನಗಳಿಂದ ಪ್ರಯತ್ನಿಸುತ್ತಿದ್ದೇನೆ, ಆದರೆ ಹೊಂದುತ್ತಿಲ್ಲ. ತಿಳಿದವರು ದಯವಿಟ್ಟು ಬಿಡಿಸಿ ಹೇಳಬೇಕು.

ಮೊದಲನೆಯದು 2008ರ ಅಕ್ಕಿ. ಆ ವರ್ಷದ ಜನವರಿಯಲ್ಲಿ ಟನ್ನಿಗೆ 400 ಡಾಲರಿಗಿಂತ ಕಡಿಮೆಯಿದ್ದ ಥಾಯ್ಲೆಂಡಿನ ರಫ್ತು ಬೆಲೆ ಏಪ್ರಿಲ್-ಮೇ ವೇಳೆಗೆ 1,000 ಡಾಲರಿನ ಆಸುಪಾಸಿಗೆ ಏರಿತು. ಆದರೆ ಆ ಹಂಗಾಮಿನಲ್ಲಿ ಜಗತ್ತಿನ ಭತ್ತದ ಫಸಲು ಹಿಂದಿನ ವರ್ಷಕ್ಕಿಂತ ಹೆಚ್ಚೇ ಇತ್ತು, ಮತ್ತು ನಾಲ್ಕು ತಿಂಗಳಲ್ಲಿ ಜನರ ಊಟದಲ್ಲಿ ಅಂಥ ಬದಲಾವಣೆಯೇನೂ ಆಗಿರಲಿಲ್ಲ.

ಎರಡನೆಯದು ಇದಕ್ಕೆ ತದ್ವಿರುದ್ಧವಾದುದು. 2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನಿನ ಮೇಲೆ ದಾಳಿ ಮಾಡಿದ ಮೇಲೆ ಷಿಕಾಗೊ ಮಾರುಕಟ್ಟೆಯಲ್ಲಿ ಗೋಧಿ, ಅಮೆರಿಕದ ಧಾನ್ಯದ ಅಳತೆಯಾದ ಬುಷೆಲ್‌ಗೆ 13 ಡಾಲರ್ ದಾಟಿದ್ದು ನನಗೆ ಅರ್ಥವಾಗುತ್ತದೆ. ಆದರೆ ಉಕ್ರೇನಿನ ಧಾನ್ಯವನ್ನು ಹೊರತರಲು ಮಾಡಿಕೊಂಡಿದ್ದ ಕಪ್ಪು ಸಮುದ್ರದ ಒಪ್ಪಂದ 2023ರ ಜುಲೈ 17ರಂದು ಮುರಿದುಬಿದ್ದಾಗ ಬೆಲೆ ಕೆಲವು ದಿನ ಮಾತ್ರ ಜಿಗಿದು, ಸೆಪ್ಟೆಂಬರಿನೊಳಗೆ 6 ಡಾಲರಿಗಿಂತ ಕೆಳಗೆ ಇಳಿಯಿತು. ಹಾಗಾದರೆ ಬೆಲೆಯನ್ನು ಕಟ್ಟುವ ಆ "ಪೂರೈಕೆ" ಎಂಬುದು ಯಾವುದು? ಹೊಲದಲ್ಲಿ ಬೆಳೆದದ್ದೋ, ಹಡಗಿಗೆ ಏರಿದ್ದೋ, ಅಥವಾ ಗೋದಾಮಿನಲ್ಲಿ ಉಳಿದದ್ದೋ?

ಕಣಜ

ನಿಮ್ಮ ಕೊನೆಯ ಸಾಲಿನಲ್ಲೇ ಅರ್ಧ ಉತ್ತರವಿದೆ. ಜಗತ್ತು ಬೆಳೆದ ಅಕ್ಕಿಯೆಲ್ಲವೂ ಜಾಗತಿಕ ಮಾರುಕಟ್ಟೆಗೆ ಬರುವುದಿಲ್ಲ. ಬೆಳೆದ ದೇಶದಲ್ಲೇ ಬಹುಪಾಲು ಉಂಡು ಮುಗಿಯುತ್ತದೆ. ಗಡಿ ದಾಟುವುದು ಸುಮಾರು ಹತ್ತನೇ ಒಂದು ಭಾಗ ಮಾತ್ರ. ಗೋಧಿಯಲ್ಲಿ ಈ ಪಾಲು ಸರಿಸುಮಾರು ಕಾಲು ಭಾಗ. ನಾವು "ವಿಶ್ವ ಬೆಲೆ" ಎಂದು ಕರೆಯುವುದು ಈ ಸಣ್ಣ ಪಾಲಿನ ಮೇಲೆ ನಿಂತ ಬೆಲೆ. ಆದ್ದರಿಂದ ಇಬ್ಬರು ದೊಡ್ಡ ಮಾರಾಟಗಾರರು ಬಾಗಿಲು ಹಾಕಿಕೊಂಡರೆ, ಹೊಲದಲ್ಲಿ ಒಂದು ತೆನೆಯೂ ಕಡಿಮೆಯಾಗದಿದ್ದರೂ, ಮಾರುಕಟ್ಟೆಯಲ್ಲಿ ಭೀಕರ ಬರ ಬಂದಂತೆಯೇ ಆಗುತ್ತದೆ.

2008ರಲ್ಲಿ ಆದದ್ದು ಅದೇ. ಭಾರತ 2007ರ ಅಕ್ಟೋಬರಿನಲ್ಲಿ ಬಾಸ್ಮತಿಯಲ್ಲದ ಅಕ್ಕಿಯ ರಫ್ತನ್ನು ನಿರ್ಬಂಧಿಸಿತು, ವಿಯೆಟ್ನಾಂ ಹೊಸ ಒಪ್ಪಂದಗಳನ್ನು ತಡೆಹಿಡಿಯಿತು, ಮತ್ತು ಉಳಿದಿರುವುದನ್ನಾದರೂ ಕೈವಶ ಮಾಡಿಕೊಳ್ಳಬೇಕೆಂದು ಫಿಲಿಪ್ಪೀನ್ಸ್ ಲಕ್ಷಾಂತರ ಟನ್ನುಗಳ ಟೆಂಡರುಗಳನ್ನು ಒಂದರ ಹಿಂದೊಂದರಂತೆ ಕರೆಯಿತು. ಬೆಲೆ ಏರಿದಾಗ ಕೊಳ್ಳುವವನು ಹಿಂದೆ ಸರಿಯುತ್ತಾನೆ ಎನ್ನುತ್ತದೆ ಶಾಲೆಯ ಪಾಠ. ಇಲ್ಲಿ ಬೆಲೆ ಏರಿದಷ್ಟೂ ಕೊಳ್ಳುವವರು ಮುಂದೆ ನುಗ್ಗಿದರು.

ಹಳೆಯ ಲೆಕ್ಕಿಗ

ಕಣಜ ಅವರು ಹೇಳಿದ್ದು ಸರಿ, ಆದರೆ ಅದು ಅಕ್ಕಿಗೆ ಹೆಚ್ಚು ಹೊಂದುವ ಮಾತು. ಎಲ್ಲ ಧಾನ್ಯಗಳಿಗೂ ಅನ್ವಯಿಸುವ ಲೆಕ್ಕವೊಂದಿದೆ. ಅಂಗಡಿಯ ಖಾತೆ ಬರೆದು ಗೊತ್ತಿರುವವರಿಗೆ ಅದು ಹೊಸದೇನಲ್ಲ. ಆರಂಭಿಕ ಶಿಲ್ಕಿಗೆ (ಹಿಂದಿನ ವರ್ಷದಿಂದ ಉಳಿದು ಬಂದ ದಾಸ್ತಾನಿಗೆ) ಈ ವರ್ಷದ ಫಸಲನ್ನು ಕೂಡಿಸಿ, ಅದರಿಂದ ಬಳಕೆಯನ್ನು ಕಳೆದರೆ ಅಂತಿಮ ಶಿಲ್ಕು ಸಿಗುತ್ತದೆ. ಆ ಅಂತಿಮ ಶಿಲ್ಕು ವರ್ಷದ ಬಳಕೆಯ ಶೇಕಡಾ ಎಷ್ಟು ಎಂಬುದನ್ನೇ ವ್ಯಾಪಾರಿಗಳು ಮೊದಲು ನೋಡುತ್ತಾರೆ.

ಇದರಲ್ಲಿ ಗಮನಿಸಬೇಕಾದ ವಿಷಯವೆಂದರೆ, ಶಿಲ್ಕು ಸೊನ್ನೆಗಿಂತ ಕೆಳಗೆ ಇಳಿಯಲಾರದು. ಹಣದಲ್ಲಾದರೆ ಮುಂದಿನ ವರ್ಷದ ಗಳಿಕೆಯನ್ನು ನೆಚ್ಚಿ ಇಂದು ಸಾಲ ಮಾಡಬಹುದು. ಧಾನ್ಯದಲ್ಲಿ ಮುಂದಿನ ವರ್ಷದ ಫಸಲನ್ನು ಈ ವರ್ಷ ಉಣ್ಣಲು ಯಾರಿಗೂ ಸಾಧ್ಯವಿಲ್ಲ. ಕಣಜ ತುಂಬಿರುವಾಗ ಫಸಲು ಸ್ವಲ್ಪ ಕೈಕೊಟ್ಟರೆ ದಾಸ್ತಾನು ಕರಗುತ್ತದೆ, ಬೆಲೆ ಅಷ್ಟಾಗಿ ಅಲುಗಾಡುವುದಿಲ್ಲ. ಕಣಜದ ತಳ ಕಾಣುತ್ತಿರುವಾಗ ಅಷ್ಟೇ ಪ್ರಮಾಣದ ಕೊರತೆ ಬಂದರೆ ಯಾರೋ ಒಬ್ಬರು ಉಣ್ಣುವುದನ್ನೋ, ದನಕ್ಕೆ ಹಾಕುವುದನ್ನೋ ಬಿಡಲೇಬೇಕಾಗುತ್ತದೆ, ಮತ್ತು ಅವರು ಬಿಡುವವರೆಗೂ ಬೆಲೆ ಏರುತ್ತಲೇ ಹೋಗುತ್ತದೆ. ಒಂದೇ ಬರ ಒಂದು ವರ್ಷ ಸುದ್ದಿಯೇ ಆಗದೆ, ಇನ್ನೊಂದು ವರ್ಷ ಜಗತ್ತನ್ನೇ ನಡುಗಿಸುವುದಕ್ಕೆ ಕಾರಣ ಇದೇ. 2007ಕ್ಕೆ ಮೊದಲಿನ ಹಲವು ವರ್ಷ ಜಗತ್ತು ಬೆಳೆದದ್ದಕ್ಕಿಂತ ಹೆಚ್ಚು ಧಾನ್ಯವನ್ನು ಬಳಸಿ, ದಾಸ್ತಾನನ್ನು ಕರಗಿಸಿಕೊಂಡೇ ಬಂದಿತ್ತು.

ತಕ್ಕಡಿ

ಇದನ್ನು ಅಂಕಿಗಳಲ್ಲಿ ಹೇಳುವ ಪ್ರಯತ್ನ ಬಹಳ ಹಳೆಯದು. ಹದಿನೇಳನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಡ್ಯಾವೆನಂಟ್ ಪ್ರಕಟಿಸಿದ, ಗ್ರೆಗರಿ ಕಿಂಗ್ ಹೆಸರಿನಲ್ಲಿ ಪ್ರಸಿದ್ಧವಾದ ಕೋಷ್ಟಕದ ಪ್ರಕಾರ, ಫಸಲು ಶೇ 10 ಕುಸಿದರೆ ಬೆಲೆ ಶೇ 30, ಶೇ 20 ಕುಸಿದರೆ ಶೇ 80, ಶೇ 50 ಕುಸಿದರೆ ಶೇ 450ರಷ್ಟು ಏರುತ್ತದೆ. ಬೆಲೆ ಕೊರತೆಯ ಮೂರು ಪಟ್ಟಿನಿಂದ ತೊಡಗಿ, ಕೊರತೆ ಹೆಚ್ಚಿದಂತೆ ಒಂಬತ್ತು ಪಟ್ಟಿನವರೆಗೆ ಏರುತ್ತದೆ.

ವಿದ್ಯಾರ್ಥಿನಿ_ಅರ್ಥಶಾಸ್ತ್ರ

ಆ ಕೋಷ್ಟಕ ಸಾಗಣೆ ದುಬಾರಿಯಾಗಿದ್ದ, ಹೊರಗಿನಿಂದ ಧಾನ್ಯ ತರಿಸುವುದು ಕಷ್ಟವಾಗಿದ್ದ ಕಾಲದ್ದು ಎಂಬುದನ್ನು ಮರೆಯಬಾರದು. ಇಂದು ಒಂದು ಖಂಡದ ಬರವನ್ನು ಇನ್ನೊಂದು ಖಂಡದ ಸುಗ್ಗಿ ತುಂಬಿಕೊಡುತ್ತದೆ. ಹಾಗಿದ್ದರೂ ಅದರ ಹಿಂದಿನ ತರ್ಕ ಹಳತಾಗಿಲ್ಲ. 2012ರಲ್ಲಿ ಅಮೆರಿಕದ ಬರದಿಂದ ಅಲ್ಲಿನ ಮೆಕ್ಕೆಜೋಳದ ಬೆಳೆ ಹಿಂದಿನ ವರ್ಷಕ್ಕಿಂತ ಸುಮಾರು ಶೇ 13 ಕುಸಿಯಿತು. ಜೂನ್ ನಡುವಿನಲ್ಲಿ ಬುಷೆಲ್‌ಗೆ 5 ಡಾಲರ್ ಚಿಲ್ಲರೆಯಿದ್ದ ಬೆಲೆ ಆಗಸ್ಟ್‌ನಲ್ಲಿ 8 ಡಾಲರ್ ದಾಟಿ ಆವರೆಗಿನ ದಾಖಲೆಯನ್ನು ಮುರಿಯಿತು.

ಬೇಡಿಕೆಯ ಸ್ಥಿತಿಸ್ಥಾಪಕತ್ವ, ಅಂದರೆ ಬೆಲೆ ಬದಲಾದಾಗ ಬೇಡಿಕೆ ಬಗ್ಗುವ ಗುಣ, ಕಡಿಮೆ ಎಂದು ಪಠ್ಯಪುಸ್ತಕ ಹೇಳುವುದು ಇದನ್ನೇ. ಬೆಲೆ ಏರಿದರೆ ಹೊಸ ಬಟ್ಟೆಯನ್ನು ಮುಂದೂಡಬಹುದು; ಇಂದಿನ ಊಟವನ್ನು ನಾಳೆಗೆ ಮುಂದೂಡಲಾಗುವುದಿಲ್ಲ. ಜೊತೆಗೆ ಪೂರೈಕೆಯೂ ಕೂಡಲೇ ಹಿಗ್ಗುವುದಿಲ್ಲ, ಏಕೆಂದರೆ ಬಿತ್ತನೆಯ ಕಾಲ ಮುಗಿದ ಮೇಲೆ ಎಷ್ಟೇ ಬೆಲೆ ಕೊಟ್ಟರೂ ಈ ವರ್ಷದ ಫಸಲು ಹೆಚ್ಚುವುದಿಲ್ಲ. ಎರಡೂ ಕಡೆ ಬಿಗಿಯಾಗಿರುವಾಗ ಬಗ್ಗುವುದು ಬೆಲೆಯೊಂದೇ.

ನೇಗಿಲ ಗೆರೆ

"ಬೇಡಿಕೆ ಬಗ್ಗುವುದಿಲ್ಲ" ಎಂಬ ಮಾತನ್ನು ಇಷ್ಟು ಸಲೀಸಾಗಿ ಹೇಳಿ ಮುಂದೆ ಹೋಗಬೇಡಿ ಎಂದು ವಿನಂತಿಸುತ್ತೇನೆ. ಯಾರ ಬೇಡಿಕೆ ಬಗ್ಗುವುದಿಲ್ಲ? ಶ್ರೀಮಂತ ದೇಶದಲ್ಲಿ ಒಂದು ಬ್ರೆಡ್ಡಿನ ಬೆಲೆಯಲ್ಲಿ ಗೋಧಿಯ ಪಾಲು ಚಿಕ್ಕದು. ಉಳಿದದ್ದೆಲ್ಲ ಕೂಲಿ, ಬಾಡಿಗೆ, ಸಾಗಣೆ, ಹೊದಿಕೆ, ಜಾಹೀರಾತು. ಗೋಧಿ ದುಪ್ಪಟ್ಟಾದರೂ ಅಲ್ಲಿಯ ಮನೆಯವರಿಗೆ ಅದು ಅಷ್ಟಾಗಿ ತಟ್ಟುವುದಿಲ್ಲ, ಆದ್ದರಿಂದ ಅವರು ಒಂದು ತುತ್ತನ್ನೂ ಬಿಡುವುದಿಲ್ಲ. ಗಳಿಕೆಯ ಅರ್ಧಕ್ಕಿಂತ ಹೆಚ್ಚನ್ನು ಊಟಕ್ಕೇ ಸುರಿಯುವ ಕುಟುಂಬ, ಅದರಲ್ಲೂ ಧಾನ್ಯವನ್ನು ಧಾನ್ಯವಾಗಿಯೇ ಕೊಳ್ಳುವ ಕುಟುಂಬ, ಅದೇ ಏರಿಕೆಗೆ ಮೊದಲು ಬೇಳೆ-ತರಕಾರಿಯನ್ನು ಬಿಡುತ್ತದೆ, ಆಮೇಲೆ ಒಂದು ಹೊತ್ತಿನ ಊಟವನ್ನೇ ಬಿಡುತ್ತದೆ. ಲೆಕ್ಕಿಗರು ಹೇಳಿದ ಆ "ಯಾರೋ ಒಬ್ಬರು" ಇವರೇ. ಜಗತ್ತಿನ ಕೊರತೆಯನ್ನೆಲ್ಲ ಸರಿದೂಗಿಸುವ ಭಾರ, ಬೆಲೆಯ ಮೂಲಕ, ಇವರ ತಟ್ಟೆಯ ಮೇಲೆ ಬೀಳುತ್ತದೆ.

ಅರ್ಥಶಾಸ್ತ್ರದ "ಬೇಡಿಕೆ" ಮತ್ತು ಮನುಷ್ಯನ "ಅಗತ್ಯ" ಒಂದೇ ಅಲ್ಲ. ಕೈಯಲ್ಲಿ ಕಾಸಿಲ್ಲದ ಹಸಿವು ಯಾವ ಕೋಷ್ಟಕದಲ್ಲೂ ಬೇಡಿಕೆಯಾಗಿ ಕಾಣಿಸುವುದಿಲ್ಲ.

ವಿದ್ಯಾರ್ಥಿನಿ_ಅರ್ಥಶಾಸ್ತ್ರ

ಒಪ್ಪುತ್ತೇನೆ. ನಾನು ಕೊಟ್ಟದ್ದು ಎಲ್ಲರ ಸರಾಸರಿ; ಸರಾಸರಿಯೊಳಗೆ ಯಾರು ಎಷ್ಟು ಬಿಟ್ಟರು ಎಂಬುದು ಮರೆಯಾಗುತ್ತದೆ.

ನೇರನುಡಿ

ಕ್ಷಮಿಸಿ, ನೀವೆಲ್ಲರೂ ಮುಖ್ಯ ಅಪರಾಧಿಯನ್ನು ಬಿಟ್ಟು ಮಾತನಾಡುತ್ತಿದ್ದೀರಿ. ಒಂದು ಕಾಳನ್ನೂ ಮುಟ್ಟದೆ ಕಾಗದದ ಮೇಲೆ ಲಕ್ಷಾಂತರ ಟನ್ ಕೊಂಡು ಮಾರುವ ಸಟ್ಟಾ ವ್ಯಾಪಾರವೇ ಬೆಲೆಯನ್ನು ಏರಿಸಿದ್ದು. 2008ರಲ್ಲಿ ಅಮೆರಿಕದ ಸೆನೆಟ್ ಸಮಿತಿಯ ಮುಂದೆ ಹೂಡಿಕೆ ವ್ಯವಸ್ಥಾಪಕರಾದ ಮೈಕೆಲ್ ಮಾಸ್ಟರ್ಸ್ ಅವರೇ, ಸೂಚ್ಯಂಕ ನಿಧಿಗಳ (ಹಲವು ಸರಕುಗಳ ಬೆಲೆ ಸೂಚ್ಯಂಕವನ್ನು ಅನುಸರಿಸಿ ಹಣ ಹೂಡುವ ನಿಧಿಗಳ) ಹಣ ವಾಯಿದಾ ಮಾರುಕಟ್ಟೆಗೆ (ಮುಂದಿನ ದಿನಾಂಕದ ಸರಕಿಗೆ ಇಂದೇ ಬೆಲೆ ಗೊತ್ತುಮಾಡಿ ಒಪ್ಪಂದ ಮಾಡಿಕೊಳ್ಳುವ ಮಾರುಕಟ್ಟೆಗೆ) ಹರಿದುಬಂದದ್ದರಿಂದ ಬೆಲೆ ಏರಿತೆಂದು ಸಾಕ್ಷ್ಯ ನುಡಿದಿದ್ದಾರೆ. ಪೂರೈಕೆ-ಬೇಡಿಕೆಯ ಮಾತೆಲ್ಲ ಅದರ ಮೇಲೆ ಹೊದಿಸಿದ ಶಾಲು.

ಹಳೆಯ ಲೆಕ್ಕಿಗ

ನೇರನುಡಿ ಅವರೇ, ಹಾಗಿದ್ದರೆ ಆ ವರ್ಷ ಅತಿ ಹೆಚ್ಚು ಏರಿದ ಧಾನ್ಯ ಯಾವುದು? ಅಕ್ಕಿ. ಪ್ರಮುಖ ಧಾನ್ಯಗಳಲ್ಲಿ ವಾಯಿದಾ ವಹಿವಾಟು ಅತಿ ತೆಳುವಾಗಿರುವುದು ಯಾವುದರಲ್ಲಿ? ಅದೂ ಅಕ್ಕಿಯಲ್ಲೇ. ಸಟ್ಟಾ ವ್ಯಾಪಾರ ಮೂಲ ಕಾರಣವಾಗಿದ್ದರೆ ಈ ಎರಡು ಉತ್ತರಗಳು ಬೇರೆ ಬೇರೆಯಾಗಿರಬೇಕಿತ್ತು. ಇನ್ನೊಂದು ಉದಾಹರಣೆಯೆಂದರೆ, ಅಮೆರಿಕ 1958ರಲ್ಲಿ ಈರುಳ್ಳಿಯ ವಾಯಿದಾ ವ್ಯಾಪಾರವನ್ನು ಕಾನೂನಿನಿಂದಲೇ ನಿಷೇಧಿಸಿತು. ಈರುಳ್ಳಿಯ ಬೆಲೆಯ ಏರಿಳಿತವೇನೂ ಅದರಿಂದ ನಿಂತಿಲ್ಲ.

ಕಣಜ

ಜೊತೆಗೆ ಒಂದು ಸರಳ ಪ್ರಶ್ನೆ: ವಾಯಿದಾ ಒಪ್ಪಂದವನ್ನು ಕೊಂಡವನು ಅವಧಿ ಮುಗಿಯುವ ಮೊದಲು ಅದನ್ನು ಮಾರಲೇಬೇಕು, ಇಲ್ಲವೇ ಧಾನ್ಯವನ್ನು ತಂದಿಟ್ಟುಕೊಳ್ಳಬೇಕು. ಬೆಲೆ ಹೆಚ್ಚಾಗಿಯೇ ಉಳಿಯಬೇಕಾದರೆ ಎಲ್ಲೋ ಒಂದು ಕಡೆ ಧಾನ್ಯ ಮಾರುಕಟ್ಟೆಗೆ ಬರದೆ ಪೇರಿಸಿಕೊಳ್ಳಬೇಕು. 2008ರಲ್ಲಿ ಷಿಕಾಗೊದ ನಿಧಿಗಳ ಬಳಿ ಅಂಥ ರಾಶಿ ಎಲ್ಲಿತ್ತು?

ನೇರನುಡಿ

ನಿಧಿಗಳ ಬಳಿ ಇರಲಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ. ಆದರೆ ರಾಶಿ ಎಲ್ಲೂ ಇರಲಿಲ್ಲವೇ? ಬೆಲೆ ಇನ್ನೂ ಏರುತ್ತದೆಂದು ರೈತ ಮಾರಲಿಲ್ಲ, ಗಿರಣಿಯವನು ಹಿಡಿದಿಟ್ಟ, ಮನೆಯವರು ಒಂದು ಚೀಲದ ಬದಲು ಎರಡು ಚೀಲ ಕೊಂಡರು, ಸರ್ಕಾರಗಳು ಗೋದಾಮು ತುಂಬಿಸಿದವು. ಹನಿಗೂಡಿದರೆ ಹಳ್ಳ. ಬೆಲೆ ಏರುತ್ತದೆಂದು ಊಹಿಸಿ ಕೂಡಿಡುವುದೂ ಸಟ್ಟಾವೇ ಅಲ್ಲವೇ?

ವಿದ್ಯಾರ್ಥಿನಿ_ಅರ್ಥಶಾಸ್ತ್ರ

ಹಾಗೆ ಹೇಳಿದರೆ ನಿಮ್ಮ ಮಾತಿನಲ್ಲಿ ಬಹಳ ಹುರುಳಿದೆ. ಆದರೆ ಆಗ ಅದು ಪೂರೈಕೆ-ಬೇಡಿಕೆಯ ಹೊರಗಿನ ಮಾತಾಗುವುದಿಲ್ಲ. ದಾಸ್ತಾನಿಗಾಗಿ ಕೊಳ್ಳುವುದೂ ಒಂದು ಬೇಡಿಕೆಯೇ. ಅದರ ಹುಟ್ಟು ಹಸಿವಿನಲ್ಲಿಲ್ಲ, ಅಂಜಿಕೆಯಲ್ಲಿದೆ ಎಂಬುದಷ್ಟೇ ವ್ಯತ್ಯಾಸ. ಆ ಅಂಜಿಕೆ ಕರಗಿದ ಬಗೆಯೂ ಇದನ್ನೇ ತೋರಿಸುತ್ತದೆ. 2008ರ ಮೇ ತಿಂಗಳಲ್ಲಿ ಜಪಾನ್, ವಿಶ್ವ ವಾಣಿಜ್ಯ ಸಂಸ್ಥೆಯ ಒಪ್ಪಂದದಂತೆ ಆಮದು ಮಾಡಿಕೊಂಡು ದಾಸ್ತಾನಿಟ್ಟಿದ್ದ ಅಕ್ಕಿಯನ್ನು ಫಿಲಿಪ್ಪೀನ್ಸ್‌ಗೆ ಕೊಡುವ ಸುದ್ದಿ ಹೊರಬಿತ್ತು. ಹೆಚ್ಚಿನ ಅಕ್ಕಿ ಗೋದಾಮಿನಿಂದ ಹೊರಡುವ ಮೊದಲೇ ಬೆಲೆ ಇಳಿಯತೊಡಗಿತು.

ಓದುಗ_72

ಎಲ್ಲ ಅಂಕಿಗಳನ್ನೂ ಟನ್ನಿನಲ್ಲಿ ಕೊಟ್ಟರೆ ಹೋಲಿಸಲು ಅನುಕೂಲ. ಬುಷೆಲ್ ಎಂದರೆ 25 ಕಿಲೊ ತಾನೇ? ಹಾಗಾದರೆ 13 ಡಾಲರಿನ ಗೋಧಿ ಟನ್ನಿಗೆ 520 ಡಾಲರ್ ಆಗುತ್ತದೆ.

ತಕ್ಕಡಿ

ಬುಷೆಲ್ ಮೂಲತಃ ಗಾತ್ರದ ಅಳತೆ; ಆದ್ದರಿಂದ ಧಾನ್ಯಕ್ಕೆ ತಕ್ಕಂತೆ ತೂಕ ಬದಲಾಗುತ್ತದೆ. ಮೆಕ್ಕೆಜೋಳದ ಬುಷೆಲ್ ಸುಮಾರು 25.4 ಕಿಲೊ, ಗೋಧಿಯದು ಸುಮಾರು 27.2 ಕಿಲೊ. ಆದ್ದರಿಂದ 13 ಡಾಲರಿನ ಗೋಧಿ ಟನ್ನಿಗೆ ಸುಮಾರು 478 ಡಾಲರ್, 6 ಡಾಲರಿನದು ಸುಮಾರು 220 ಡಾಲರ್.

ಕಡಲ ದಾರಿ

ಧಾನ್ಯ ಸಾಗಿಸುವ ಹಡಗುಗಳ ಬಾಡಿಗೆ ಲೆಕ್ಕವನ್ನು ಹಲವು ವರ್ಷ ನೋಡಿಕೊಂಡವನು ನಾನು. ಇಲ್ಲಿ ಯಾರೂ ಸಾಗಣೆಯ ಮಾತೆತ್ತದಿರುವುದರಿಂದ ಬರೆಯುತ್ತಿದ್ದೇನೆ. ಬಂದರಿನಲ್ಲಿ ಮಾರುವ ಬೆಲೆ ಒಂದು, ಕೊಳ್ಳುವವನ ಬಂದರಿಗೆ ಬಂದಿಳಿದಾಗಿನ ಬೆಲೆ ಇನ್ನೊಂದು. ಒಣ ಸರಕಿನ ಹಡಗು ಬಾಡಿಗೆಯನ್ನು ಅಳೆಯುವ ಬಾಲ್ಟಿಕ್ ಸೂಚ್ಯಂಕ 2008ರ ಮೇ ತಿಂಗಳಲ್ಲಿ 11,793ಕ್ಕೆ ಏರಿ, ಅದೇ ಡಿಸೆಂಬರಿನಲ್ಲಿ 663ಕ್ಕೆ ಕುಸಿಯಿತು. ಅದಿರು ಮತ್ತು ಕಲ್ಲಿದ್ದಲಿಗೆ ಬೇಡಿಕೆ ಹೆಚ್ಚಾಗಿ ಹಡಗುಗಳು ಸಿಗದಿದ್ದರೆ ಅದರ ಬಿಸಿ ಗೋಧಿ ಆಮದು ಮಾಡುವ ಬಡ ದೇಶಕ್ಕೂ ತಟ್ಟುತ್ತದೆ. ಡಾಲರಿನ ಮಾತೂ ಹಾಗೆಯೇ: ಜಾಗತಿಕ ಬೆಲೆ ಇಳಿದರೂ ಕೊಳ್ಳುವ ದೇಶದ ನಾಣ್ಯ ಅದಕ್ಕಿಂತ ಹೆಚ್ಚು ಬಿದ್ದಿದ್ದರೆ ಅಲ್ಲಿನ ಜನರಿಗೆ ಇಳಿಕೆ ಕಾಣಿಸುವುದೇ ಇಲ್ಲ.

ನನ್ನ ಮನಸ್ಸಿನಿಂದ ಮಾಸದ ಒಂದು ಘಟನೆಯಿದೆ. ದೇಶದ ಹೆಸರು ಬೇಡ. ನಾವು ಗೊತ್ತುಮಾಡಿದ್ದ ಹಡಗು ಬಂದರಿನ ಹೊರಗೆ ಸರದಿಯಲ್ಲಿ ನಿಂತಿತ್ತು, ಅರ್ಧದಷ್ಟು ಸರಕು ಗೋದಾಮಿಗೆ ಬಂದಿತ್ತು, ಕೊಂಡವರು ಬ್ಯಾಂಕಿನ ಭರವಸೆ ಪತ್ರವನ್ನೂ ಕಳುಹಿಸಿದ್ದರು. ಆ ರಾತ್ರಿ ರಫ್ತು ನಿಷೇಧದ ಆದೇಶ ಹೊರಬಿತ್ತು. ಹಡಗು ನಿಂತ ಒಂದೊಂದು ದಿನಕ್ಕೂ ಬಾಡಿಗೆ ಏರುತ್ತಿತ್ತು. ಮಾರಿದವರು ತಮ್ಮ ಕೈಯಲ್ಲಿಲ್ಲದ ಸಂಗತಿಯೆಂದು ಒಪ್ಪಂದದಿಂದ ಬಿಡುಗಡೆ ಕೇಳಿದರು. ಕೊಂಡವರು ಅದೇ ಪ್ರಮಾಣವನ್ನು ಬೇರೆಡೆ ಹೆಚ್ಚಿನ ಬೆಲೆಗೆ ಮತ್ತೆ ಕೊಳ್ಳಬೇಕಾಯಿತು. ಅಂದಿನ ಮಾರುಕಟ್ಟೆಯಲ್ಲಿ ಒಂದು ಹಡಗಿನ ಪೂರೈಕೆ ಮಾಯವಾಯಿತು, ಒಂದು ಹಡಗಿನ ಬೇಡಿಕೆ ಹೊಸದಾಗಿ ಹುಟ್ಟಿತು. ಹೊಲದಲ್ಲಿ ಏನೂ ಬದಲಾಗಿರಲಿಲ್ಲ.

ನೇಗಿಲ ಗೆರೆ

ನಿಷೇಧ ಹೇರುವ ಸರ್ಕಾರದ ಜಾಗದಲ್ಲಿ ನಿಂತೂ ನೋಡಬೇಕಲ್ಲವೇ? ತನ್ನ ಜನರ ತಟ್ಟೆ ತುಂಬಿಸುವುದು ಅದರ ಮೊದಲ ಕರ್ತವ್ಯ. 2010ರ ಬೇಸಿಗೆಯ ಬರ ಮತ್ತು ಬೆಂಕಿಯ ನಡುವೆ ರಷ್ಯಾ ಆಗಸ್ಟ್ 15ರಿಂದ ಧಾನ್ಯದ ರಫ್ತನ್ನು ನಿಲ್ಲಿಸಿದಾಗ, ಭಾರತ 2022ರ ಮೇ ತಿಂಗಳಲ್ಲಿ ಗೋಧಿಯನ್ನು ತಡೆದಾಗ, ಹೊರಗಿನ ಬೆಲೆ ಒಳಗೆ ಹರಿಯದಿರಲಿ ಎಂಬುದೇ ಉದ್ದೇಶವಾಗಿತ್ತು. ಅದನ್ನು ತಪ್ಪೆಂದು ಹೇಳಲು ನನ್ನ ಮನಸ್ಸು ಒಪ್ಪುವುದಿಲ್ಲ.

ಕಣಜ

ಒಂದು ದೇಶದ ಮಟ್ಟಿಗೆ ನೀವು ಹೇಳುವುದು ಸರಿ. ಎಲ್ಲರೂ ಹಾಗೆ ಮಾಡಿದಾಗ ಏನಾಗುತ್ತದೆ ಎಂಬುದು ಪ್ರಶ್ನೆ. ಏರು ಬೆಲೆಗೆ ಹೆದರಿ ರಫ್ತುದಾರ ದೇಶ ಬಾಗಿಲು ಹಾಕುತ್ತದೆ, ಅದೇ ಬೆಲೆಗೆ ಹೆದರಿ ಆಮದುದಾರ ದೇಶ ಸುಂಕ ಇಳಿಸಿ ಹೆಚ್ಚು ಕೊಳ್ಳುತ್ತದೆ; ಎರಡೂ ಸೇರಿ ಹೊರಗಿನ ಬೆಲೆಯನ್ನು ಇನ್ನಷ್ಟು ಏರಿಸುತ್ತವೆ, ಆ ಏರಿಕೆ ಮತ್ತೊಂದು ದೇಶವನ್ನು ಹೆದರಿಸುತ್ತದೆ. 2006ರಿಂದ 2008ರವರೆಗಿನ ಏರಿಕೆಯನ್ನು ಲೆಕ್ಕ ಹಾಕಿದ ವಿಲ್ ಮಾರ್ಟಿನ್ ಮತ್ತು ಕಿಮ್ ಆಂಡರ್ಸನ್ ಎಂಬ ಅರ್ಥಶಾಸ್ತ್ರಜ್ಞರು, ಅಕ್ಕಿಯ ಬೆಲೆಯೇರಿಕೆಯಲ್ಲಿ ಸುಮಾರು ಶೇ 45 ಮತ್ತು ಗೋಧಿಯದರಲ್ಲಿ ಸುಮಾರು ಶೇ 30 ಪಾಲು ಇಂಥ ಕ್ರಮಗಳದ್ದೇ ಎಂದು ಅಂದಾಜಿಸಿದ್ದಾರೆ. ತಮ್ಮನ್ನು ಕಾಪಾಡಿಕೊಳ್ಳಲು ಹೊರಟವರೆಲ್ಲರೂ ಸೇರಿ, ತಾವು ಯಾವುದರಿಂದ ಕಾಪಾಡಿಕೊಳ್ಳಬೇಕೆಂದಿದ್ದರೋ ಅದನ್ನೇ ದೊಡ್ಡದು ಮಾಡಿದರು.

ಇದರ ಹೊಡೆತ ಬೀಳುವುದು ಬೆಳೆಯಲೂ ಆಗದ, ಸಾಲ ಮಾಡಿ ಕೊಳ್ಳಲೂ ಆಗದ ದೇಶಗಳ ಮೇಲೆ. ನೀವು ಮೇಲೆ ಹೇಳಿದ ಆ ಒಂದು ಹೊತ್ತಿನ ಊಟ ಬಿಟ್ಟ ಕುಟುಂಬ ಹೆಚ್ಚಾಗಿ ಅಲ್ಲಿಯೇ ಇರುತ್ತದೆ.

ನೇಗಿಲ ಗೆರೆ

ಈ ಮಾತಿಗೆ ನನ್ನ ಬಳಿ ಸುಲಭದ ಉತ್ತರವಿಲ್ಲ. ಆದರೆ ನಿಷೇಧದ ದಿನ ಸರ್ಕಾರವನ್ನು ದೂರುವುದಕ್ಕಿಂತ, ಸುಗ್ಗಿ ಚೆನ್ನಾಗಿದ್ದ ವರ್ಷಗಳಲ್ಲಿ ಯಾರೂ ದಾಸ್ತಾನು ಇಡಲು ಹಣ ಹಾಕಲಿಲ್ಲವಲ್ಲ ಎಂಬುದನ್ನು ದೂರಬೇಕು. ನಿಷೇಧವಾದ ಮೇಲೆ ಬೆಳೆದವನಿಗೂ ಏರಿದ ಬೆಲೆ ಸಿಗುವುದಿಲ್ಲ ಎಂಬುದನ್ನಂತೂ ಒಪ್ಪುತ್ತೇನೆ. ಹೀಗಾಗಿ ಅವನು ಮುಂದಿನ ಹಂಗಾಮಿನಲ್ಲಿ ಹೆಚ್ಚು ಬಿತ್ತುವ ಕಾರಣವೂ ಇಲ್ಲವಾಗುತ್ತದೆ.

ಮಳೆ ನಕ್ಷತ್ರ

ಬೇಡಿಕೆಯೆಂದರೆ ಊಟ ಮಾತ್ರ ಎಂಬಂತೆ ಚರ್ಚೆ ನಡೆಯುತ್ತಿದೆ. ಅಮೆರಿಕದ ಮೆಕ್ಕೆಜೋಳದಲ್ಲಿ ಶೇ 40ರ ಹತ್ತಿರ ಎಥೆನಾಲ್ ಆಗಿ ವಾಹನಗಳಲ್ಲಿ ಸುಟ್ಟುಹೋಗುತ್ತಿದೆ. 2005ರಲ್ಲಿ ಬಂದು 2007ರಲ್ಲಿ ಹಿಗ್ಗಿದ ಕಾನೂನು ಇಂಧನದಲ್ಲಿ ಇಂತಿಷ್ಟು ಬೆರೆಸಲೇಬೇಕೆಂದು ಕಡ್ಡಾಯ ಮಾಡಿತು. ಬೆಲೆ ಏರಿದರೂ ಕೊಳ್ಳಲೇಬೇಕಾದ ಹೊಸ ಗಿರಾಕಿಯೊಬ್ಬ ಊಟದ ಸಾಲಿನಲ್ಲಿ ಬಂದು ನಿಂತಂತಾಯಿತು, ಅದೂ ಕಾನೂನಿನ ಬೆಂಬಲದೊಂದಿಗೆ.

ಹಳೆಯ ಲೆಕ್ಕಿಗ

ಸಣ್ಣ ತಿದ್ದುಪಡಿ. ಅಷ್ಟೂ ಸುಟ್ಟುಹೋಗುವುದಿಲ್ಲ. ಎಥೆನಾಲ್ ತೆಗೆದ ಮೇಲೆ ಉಳಿಯುವ ಹಿಂಡಿ, ತೂಕದಲ್ಲಿ ಸುಮಾರು ಮೂರನೇ ಒಂದು ಭಾಗ, ಪಶು ಆಹಾರವಾಗಿ ಮರಳಿ ಬರುತ್ತದೆ. ಅರ್ಥಶಾಸ್ತ್ರಜ್ಞರಾದ ಮೈಕೆಲ್ ರಾಬರ್ಟ್ಸ್ ಮತ್ತು ವೋಲ್ಫ್‌ರಾಮ್ ಷ್ಲೆಂಕರ್ ಅವರ ಅಂದಾಜಿನ ಪ್ರಕಾರ ಈ ಕಡ್ಡಾಯದಿಂದ ಧಾನ್ಯಗಳ ಬೆಲೆ ಸುಮಾರು ಶೇ 30 ಏರುತ್ತದೆ, ಮರಳಿ ಬರುವ ಹಿಂಡಿಯನ್ನು ಲೆಕ್ಕಕ್ಕೆ ಹಿಡಿದರೆ ಸುಮಾರು ಶೇ 20. ತಿದ್ದಿದ ಮೇಲೂ ಅದು ಸಣ್ಣ ಸಂಖ್ಯೆಯಲ್ಲ. ನಿಮ್ಮ ವಾದ ನಿಲ್ಲುತ್ತದೆ.

ಪಶು ಆಹಾರದ ಇನ್ನೊಂದು ಮಾತೂ ಇದೆ. ಮೆಕ್ಕೆಜೋಳ ದುಬಾರಿಯಾದರೆ ಕೋಳಿ-ಹಂದಿ ಸಾಕುವವರು ಗೋಧಿಯತ್ತ ತಿರುಗುತ್ತಾರೆ, ಆದ್ದರಿಂದ ಒಂದರ ಬರ ಇನ್ನೊಂದರ ಬೆಲೆಯನ್ನೂ ಎಳೆಯುತ್ತದೆ. ಅಕ್ಕಿ ಈ ಎಳೆತಕ್ಕೆ ಅಷ್ಟಾಗಿ ಸಿಗುವುದಿಲ್ಲ.

ಕುತೂಹಲಿ

2008ರ ಒಗಟು ಈಗ ಬಹುಮಟ್ಟಿಗೆ ಬಿಡಿಸಿದಂತಾಯಿತು, ಎಲ್ಲರಿಗೂ ಕೃತಜ್ಞತೆಗಳು. ಆದರೆ 2023ರ ಮಾತು ಹಾಗೆಯೇ ಉಳಿದಿದೆ. ಒಪ್ಪಂದದ ಅಡಿಯಲ್ಲಿ ಸುಮಾರು 3.3 ಕೋಟಿ ಟನ್ ಧಾನ್ಯ ಮತ್ತು ಆಹಾರ ಪದಾರ್ಥಗಳು ಹೊರಬಂದಿದ್ದವು. ಅದು ನಿಂತ ಮೇಲೂ ಬೆಲೆ ಹೇಗೆ ಇಳಿಯಿತು?

ಕಡಲ ದಾರಿ

ಒಪ್ಪಂದ ನಿಂತಿತು, ಉಕ್ರೇನಿನ ಧಾನ್ಯ ಪೂರ್ತಿ ನಿಲ್ಲಲಿಲ್ಲ. ಡ್ಯಾನ್ಯೂಬ್ ನದಿಯ ಬಂದರುಗಳಿಂದ ಹೋಗುತ್ತಿತ್ತು, ಆಗಸ್ಟ್‌ನಿಂದ ಕಪ್ಪು ಸಮುದ್ರದ ಪಶ್ಚಿಮ ದಡಕ್ಕೆ ಅಂಟಿಕೊಂಡು ಸಾಗುವ ಹೊಸ ದಾರಿಯೂ ತೆರೆಯಿತು. ಅದಕ್ಕಿಂತ ಮುಖ್ಯವಾಗಿ, 2022ರಲ್ಲಿ ರಷ್ಯಾದ ಗೋಧಿ ಬೆಳೆ ಹಿಂದೆಂದಿಗಿಂತ ದೊಡ್ಡದಾಗಿತ್ತು, 2023ರದೂ ಚೆನ್ನಾಗಿತ್ತು, ಆ ಧಾನ್ಯ ಅಗ್ಗದ ಬೆಲೆಗೆ ಹಡಗು ಏರುತ್ತಲೇ ಇತ್ತು. ಆಮದುದಾರರಿಗೆ ಬೇಕಾದದ್ದು ಗೋಧಿ. ಅದು ಯಾವ ಬಂದರಿನಿಂದ ಬಂದರೂ ಬೆಲೆ ಇಳಿಯುತ್ತದೆ.

ವಿದ್ಯಾರ್ಥಿನಿ_ಅರ್ಥಶಾಸ್ತ್ರ

ಇದಕ್ಕೆ ಇನ್ನೊಂದನ್ನು ಸೇರಿಸಬೇಕು. ಮಾರುಕಟ್ಟೆಯ ಬೆಲೆ ಇಂದಿನ ಕೊರತೆಗಿಂತ ಹೆಚ್ಚಾಗಿ ನಾಳೆಯ ಅಂದಾಜಿನ ಮೇಲೆ ನಿಂತಿರುತ್ತದೆ. ಜಗತ್ತಿನ ಗೋಧಿ ರಫ್ತಿನಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ರಷ್ಯಾ ಮತ್ತು ಉಕ್ರೇನಿನದು. 2022ರ ಮಾರ್ಚಿನಲ್ಲಿ 13 ಡಾಲರ್ ಕೊಟ್ಟವರು, ಅಷ್ಟೂ ಸಿಗದೇ ಹೋಗಬಹುದೆಂಬ ಭಯಕ್ಕೆ ಬೆಲೆ ಕೊಟ್ಟಿದ್ದರು. ಆ ಭಯ ನಿಜವಾಗಲಿಲ್ಲ. 2023ರ ಜುಲೈ ವೇಳೆಗೆ ಕೊಳ್ಳುವವರು ಬೇರೆ ದಾರಿಗಳನ್ನು ಕಂಡುಕೊಂಡಿದ್ದರು, ಒಪ್ಪಂದ ಮುರಿಯಬಹುದೆಂಬುದೂ ತಿಂಗಳುಗಳಿಂದ ಗೊತ್ತಿತ್ತು. ಅದೇ ವಾರ, ಜುಲೈ 20ರಂದು, ಭಾರತ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ನಿಷೇಧಿಸಿತು. ಹಿಂದಿನ ವರ್ಷ ಜಗತ್ತಿನ ಅಕ್ಕಿ ವ್ಯಾಪಾರದಲ್ಲಿ ಸುಮಾರು ಶೇ 40 ಪಾಲು ಭಾರತದ್ದಾಗಿತ್ತು. ಗೋಧಿ ಇಳಿಯುತ್ತಿರುವಾಗಲೇ ಅಕ್ಕಿ ಹದಿನೈದು ವರ್ಷಗಳ ಎತ್ತರಕ್ಕೆ ಏರಿತು. ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ಒಂದರಲ್ಲಿ ಬದಲಿ ಮಾರಾಟಗಾರರಿದ್ದರು, ಇನ್ನೊಂದರಲ್ಲಿ ಅಷ್ಟು ದೊಡ್ಡ ಜಾಗವನ್ನು ತುಂಬಬಲ್ಲವರು ಇರಲಿಲ್ಲ. 2024ರ ಸೆಪ್ಟೆಂಬರಿನಲ್ಲಿ ಆ ನಿಷೇಧ ತೆರವಾದ ಮೇಲೆ ಅಕ್ಕಿಯೂ ಇಳಿಯಿತು.

ಓದುಗ_72

ಏರಿದ ಬೆಲೆಯನ್ನು ನೋಡಿ ರೈತರು ಹೆಚ್ಚು ಬಿತ್ತುತ್ತಾರೆ, ಆಮೇಲೆ ಬೆಲೆ ಬೀಳುತ್ತದೆ ಎನ್ನುವುದು ನಿಜವೇ?

ವಿದ್ಯಾರ್ಥಿನಿ_ಅರ್ಥಶಾಸ್ತ್ರ

ನಿಜ. 2012ರಲ್ಲಿ 8 ಡಾಲರ್ ದಾಟಿದ್ದ ಮೆಕ್ಕೆಜೋಳ, 2013ರ ದೊಡ್ಡ ಫಸಲಿನ ಬಳಿಕ ಆ ವರ್ಷದ ಕೊನೆಗೆ ಸುಮಾರು 4 ಡಾಲರ್ ಚಿಲ್ಲರೆಗೆ ಬಂದಿತ್ತು, 2014ರಲ್ಲಿ ಅದಕ್ಕೂ ಕೆಳಗಿಳಿಯಿತು. ಹಿಂದಿನ ಬೆಲೆ ನೋಡಿ ಬಿತ್ತುವುದು, ಎಲ್ಲರೂ ಬಿತ್ತಿದ್ದರಿಂದ ಬೆಲೆ ಬೀಳುವುದು, ಬಿದ್ದ ಬೆಲೆ ನೋಡಿ ಬಿತ್ತನೆ ಕಡಿಮೆ ಮಾಡುವುದು, ಈ ಸುತ್ತನ್ನು ರೇಖಾಚಿತ್ರದಲ್ಲಿ ಬರೆದರೆ ಜೇಡರ ಬಲೆಯಂತೆ ಕಾಣುತ್ತದೆ. ಅರ್ಥಶಾಸ್ತ್ರಜ್ಞ ನಿಕೊಲಸ್ ಕಾಲ್ಡರ್ 1934ರಲ್ಲಿ ಅದಕ್ಕೆ ಜೇಡರ ಬಲೆಯ ಪ್ರಮೇಯ ಎಂದೇ ಹೆಸರಿಟ್ಟರು. ಆದರೆ 2022ರಂತೆ ಗೊಬ್ಬರದ ಬೆಲೆಯೂ ಜೊತೆಗೇ ಏರಿದ್ದರೆ, ಏರಿದ ಧಾನ್ಯದ ಬೆಲೆ ರೈತನ ಕೈಯಲ್ಲಿ ಅಷ್ಟಾಗಿ ಉಳಿಯುವುದಿಲ್ಲ, ಬಿತ್ತನೆಯೂ ಅಷ್ಟಾಗಿ ಹಿಗ್ಗುವುದಿಲ್ಲ. ಯೂರಿಯಾ ತಯಾರಿಕೆಗೆ ನೈಸರ್ಗಿಕ ಅನಿಲ ಬೇಕು. ಅನಿಲದ ಬೆಲೆ ಹೀಗೆ ಗೋಧಿಯ ಹೊಲಕ್ಕೂ ಬರುತ್ತದೆ.

ಮಳೆ ನಕ್ಷತ್ರ

ಲೆಕ್ಕಿಗರ ಶಿಲ್ಕಿನ ಲೆಕ್ಕದ ಬಗ್ಗೆ ನನ್ನದೊಂದು ಆಕ್ಷೇಪಣೆಯಿದೆ. ಜಗತ್ತಿನ ಗೋಧಿ ದಾಸ್ತಾನಿನ ಸುಮಾರು ಅರ್ಧ, ಮೆಕ್ಕೆಜೋಳದ ದಾಸ್ತಾನಿನ ಅರ್ಧಕ್ಕೂ ಹೆಚ್ಚು ಚೀನಾದಲ್ಲಿದೆ ಎಂದು ಅಂದಾಜು. ಅದು ಹೊರಗೆ ಮಾರಾಟಕ್ಕೆ ಬರುವುದಿಲ್ಲ. ಹಾಗಿರುವಾಗ ಇಡೀ ಜಗತ್ತಿನ ಶಿಲ್ಕನ್ನು ಕೂಡಿಸಿ ಶೇಕಡಾವಾರು ಹಾಕಿದರೆ, ಬೀಗ ಹಾಕಿದ ಕಣಜವನ್ನೂ ನಮ್ಮದೆಂದು ಎಣಿಸಿದಂತಾಗುವುದಿಲ್ಲವೇ?

ಹಳೆಯ ಲೆಕ್ಕಿಗ

ಆಕ್ಷೇಪಣೆ ಸರಿಯಾಗಿದೆ, ನಾನೇ ಅದನ್ನು ಮೊದಲು ಹೇಳಬೇಕಿತ್ತು. ಚೀನಾವನ್ನು ಹೊರಗಿಟ್ಟು, ಅದಕ್ಕಿಂತಲೂ ಮೇಲಾಗಿ ದೊಡ್ಡ ರಫ್ತುದಾರ ದೇಶಗಳ ಶಿಲ್ಕನ್ನು ಮಾತ್ರ ನೋಡುವುದು ಒಳ್ಳೆಯ ಕ್ರಮ. ಜಗತ್ತಿನ ಒಟ್ಟು ಶಿಲ್ಕು ಸುಸ್ಥಿತಿಯಲ್ಲಿದ್ದೂ ರಫ್ತುದಾರರ ಶಿಲ್ಕು ತಳ ಕಂಡಿರುವ ವರ್ಷಗಳಿವೆ. ಬೆಲೆ ಕೇಳುವುದು ಎರಡನೆಯದರ ಮಾತನ್ನು.

ಕುತೂಹಲಿ

ಆ ಅಂಕಿಗಳು ಎಲ್ಲರಿಗೂ ಸಿಗುತ್ತವೆಯೇ, ಅಥವಾ ದೊಡ್ಡ ವ್ಯಾಪಾರಿಗಳಿಗೆ ಮಾತ್ರವೇ?

ಹಳೆಯ ಲೆಕ್ಕಿಗ

ಈಗ ಎಲ್ಲರಿಗೂ ಸಿಗುತ್ತವೆ. ಹಿಂದೆ ಹಾಗಿರಲಿಲ್ಲ. 1972ರಲ್ಲಿ ತನ್ನ ಫಸಲು ಕೈಕೊಟ್ಟಾಗ ಸೋವಿಯತ್ ಒಕ್ಕೂಟ ಅಮೆರಿಕದ ಹಲವು ವ್ಯಾಪಾರ ಸಂಸ್ಥೆಗಳಿಂದ ಸದ್ದಿಲ್ಲದೆ ಖರೀದಿಸಿ, ಅಲ್ಲಿಯ ಆ ವರ್ಷದ ಗೋಧಿ ಬೆಳೆಯ ಕಾಲು ಭಾಗದಷ್ಟನ್ನು ಕೊಂಡುಬಿಟ್ಟಿತು. ಮಾರಿದ ಒಬ್ಬರಿಗೆ ಇನ್ನೊಬ್ಬರು ಎಷ್ಟು ಮಾರಿದರೆಂಬುದು ತಿಳಿದಿರಲಿಲ್ಲ, ಮತ್ತು ಅಮೆರಿಕದ ಸರ್ಕಾರ ಆ ರಫ್ತಿಗೆ ಸಹಾಯಧನವನ್ನೂ ಕೊಡುತ್ತಿತ್ತು. ವಿಷಯ ಹೊರಬಿದ್ದ ಮೇಲೆ ಸುಮಾರು ಒಂದು ವರ್ಷದಲ್ಲಿ ಗೋಧಿಯ ಬೆಲೆ ದುಪ್ಪಟ್ಟನ್ನೂ ಮೀರಿತು. ಅಲ್ಲಿಂದ ಮುಂದೆ, 1973ರಲ್ಲಿ, ರಫ್ತುದಾರರು ತಮ್ಮ ಮಾರಾಟವನ್ನು ಪ್ರತಿ ವಾರ ವರದಿ ಮಾಡಲೇಬೇಕೆಂಬ ನಿಯಮ ಅಮೆರಿಕದಲ್ಲಿ ಬಂತು. ಜಿ-20 ದೇಶಗಳು 2011ರಲ್ಲಿ ಕೃಷಿ ಮಾರುಕಟ್ಟೆ ಮಾಹಿತಿ ವ್ಯವಸ್ಥೆಯನ್ನು ಕಟ್ಟಿದ್ದೂ 2008 ಮತ್ತು 2010ರ ಏಟಿನ ನಂತರವೇ.

ಅಮೆರಿಕದ ಕೃಷಿ ಇಲಾಖೆಯ ಮಾಸಿಕ ಪೂರೈಕೆ-ಬೇಡಿಕೆ ಕೋಷ್ಟಕವನ್ನು ತೆರೆದು, ಗೋಧಿಯ ಪುಟದಲ್ಲಿ ಪ್ರಮುಖ ರಫ್ತುದಾರರ ಸಾಲಿನ ಕೊನೆಯ ಅಂಕಣವನ್ನು ನೋಡಿ. ಅದು ಅಂತಿಮ ಶಿಲ್ಕು. ಹಿಂದಿನ ತಿಂಗಳ ಅಂದಾಜಿನೊಂದಿಗೆ ಹೋಲಿಸಿ, ಆ ದಿನದ ಬೆಲೆ ಯಾವ ಕಡೆ ಹೊರಟಿತೆಂದು ಗಮನಿಸಿ. ಒಂದು ವಿಷಯವನ್ನು ಮಾತ್ರ ನೆನಪಿಡಿ: ಸರ್ಕಾರಗಳು ತಮ್ಮ ಗೋದಾಮಿನ ಲೆಕ್ಕವನ್ನು ಬಿಟ್ಟುಕೊಡದ ಕಡೆ ಆ ಅಂಕಿ ಅಂದಾಜೇ ಹೊರತು ಎಣಿಕೆಯಲ್ಲ.

ಕುತೂಹಲಿ

ಹಾಗಾದರೆ ನನ್ನ ಮೊದಲ ಪ್ರಶ್ನೆಯನ್ನೇ ತಿದ್ದಿಕೊಳ್ಳುತ್ತೇನೆ. ಬೆಳೆದದ್ದೋ, ಹಡಗೇರಿದ್ದೋ, ಉಳಿದದ್ದೋ ಎಂದು ಕೇಳಿದ್ದೆ. ಉಳಿದದ್ದರಲ್ಲಿ ಯಾರು ಎಷ್ಟನ್ನು ಮಾರಲು ಸಿದ್ಧರಿದ್ದಾರೆ ಎಂದು ಕೇಳಬೇಕಿತ್ತು. ಮುಂದಿನ ತಿಂಗಳ ಕೋಷ್ಟಕ ಬಂದ ದಿನ ರಫ್ತುದಾರರ ಸಾಲನ್ನು ಇಲ್ಲಿ ಬರೆದು ಹಾಕುತ್ತೇನೆ, ತಪ್ಪಿದ್ದರೆ ತಿದ್ದಿ.